ಮೈಕ್ ಇಲ್ಲದ ಬೈಠಕ್: ಪಡಸಾಲೆಯಲ್ಲಿ ದನಿ ಹೇಗೆ ಓಡಾಡುತ್ತದೆ

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯೊಳಗೆ ಕೂತು ಹಾಡು ಕೇಳುವ ಸಣ್ಣ ಕೂಟಕ್ಕೆ, ಅಂದರೆ ಮನೆ ಬೈಠಕ್‌ಗೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ಗುರುಪೂರ್ಣಿಮೆ, ಹಿರಿಯರೊಬ್ಬರ ಪುಣ್ಯತಿಥಿ, ಇಲ್ಲವೇ ಊರಿಗೆ ಬಂದ ಕಲಾವಿದರು ಒಂದು ಸಂಜೆ ಬಿಡುವಾಗಿದ್ದಾರೆ ಅನ್ನುವ ಸುದ್ದಿ, ಅಷ್ಟೇ ಸಾಕು. ಪಡಸಾಲೆ ಗುಡಿಸಿ ಜಮಖಾನೆ ಹಾಸುತ್ತಾರೆ. ಮೂವತ್ತು ಮಂದಿ ಸೇರುತ್ತಾರೆ. ಅಷ್ಟರಲ್ಲಿ ಮೈಕ್‌ಸೆಟ್‌ನವರೂ ಬಂದು ಎರಡು ಮೂಲೆಯಲ್ಲಿ ಎರಡು ಸ್ಪೀಕರ್ ನಿಲ್ಲಿಸಿರುತ್ತಾರೆ. ಗಾಯಕರಿಗೂ ಮೊದಲ ಸಾಲಿಗೂ ನಡುವೆ ಇರುವುದು ಬರೀ ಆರು ಅಡಿ. ಆದರೂ ಮೈಕ್ ಬೇಕು. ಯಾಕೆ ಅಂತ ಕೇಳಿದರೆ, ಎಲ್ಲ ಕಡೆ ಹಾಕುತ್ತಾರಲ್ಲ, ಅದಕ್ಕೆ ಅನ್ನುತ್ತಾರೆ.

ಅಷ್ಟು ಸಣ್ಣ ಜಾಗಕ್ಕೆ ಮೈಕ್ ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಹಳೆಯ ಕಾಲದ ಮೇಲಿನ ಮೋಹಕ್ಕೆ ಈ ಮಾತು ಹೇಳುತ್ತಿಲ್ಲ. ದನಿ ಹೇಗೆ ಹುಟ್ಟುತ್ತದೆ, ಗೋಡೆಗೆ ತಾಗಿ ಏನಾಗುತ್ತದೆ, ಕಿವಿ ಅದನ್ನು ಹೇಗೆ ಹಿಡಿಯುತ್ತದೆ ಅನ್ನುವುದನ್ನು ಒಂದೊಂದಾಗಿ ನೋಡಿದರೆ ಕಾರಣ ತಾನಾಗಿ ಗೊತ್ತಾಗುತ್ತದೆ.

ಮೊದಲಿಗೆ ಒಂದು ವಿಷಯ ನೆನಪಿರಲಿ. ಈ ಸೀಮೆಯ ಹಿಂದೂಸ್ತಾನಿ ಗಾಯನ ಬೆಳೆದದ್ದೇ ಮೈಕ್ ಇಲ್ಲದ ಜಾಗಗಳಲ್ಲಿ. ಸವಾಯಿ ಗಂಧರ್ವರು (1886–1952) ಮರಾಠಿ ನಾಟಕ ಕಂಪನಿಗಳಲ್ಲಿ ಹಾಡಿ ಹೆಸರಾದವರು. ಮಲ್ಲಿಕಾರ್ಜುನ ಮನ್ಸೂರರು (1910–1992) ಚಿಕ್ಕವರಿದ್ದಾಗ ನಾಟಕ ಕಂಪನಿಯಲ್ಲಿದ್ದರು. ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೂ ತನ್ನದೇ ನಾಟಕ ಸಂಘವಿತ್ತು. ಕಂಪನಿ ನಾಟಕ ಅಂದರೆ ಕೊನೆಯ ಸಾಲಿನಲ್ಲಿ ಕೂತವನಿಗೂ ಪದ ಕೇಳಬೇಕು. ಇನ್ನೊಂದು ಕಡೆ ಕುಂದಗೋಳದಂಥ ಊರಿನ ವಾಡೆ, ಗುರುವಿನ ಮನೆಯ ಕೋಣೆ. ಗಂಗೂಬಾಯಿ ಹಾನಗಲ್ಲರು (1913–2009) ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಕಲಿತದ್ದು, ಭೀಮಸೇನ ಜೋಶಿಯವರು (1922–2011) ಅಲ್ಲೇ ಗುರು ಸವಾಯಿ ಗಂಧರ್ವರ ಮನೆಯಲ್ಲಿದ್ದು ಕಲಿತದ್ದು ಇಂಥ ಕೋಣೆಗಳಲ್ಲೇ. ದೊಡ್ಡ ಮಂಟಪಕ್ಕೆ ಮುಟ್ಟುವ ಗಂಟಲು, ಸಣ್ಣ ಕೋಣೆಯಲ್ಲಿ ಪಳಗಿದ ಕಿವಿ, ಎರಡೂ ಸೇರಿ ಈ ಗಾಯನ ಆಯಿತು.

ಈಗ ಕೋಣೆಯ ವಿಷಯಕ್ಕೆ ಬರೋಣ.

ನಮ್ಮ ಲೆಕ್ಕಕ್ಕೆ ಒಂದು ಪಡಸಾಲೆ ಇಟ್ಟುಕೊಳ್ಳೋಣ: 6 ಮೀಟರ್ ಉದ್ದ, 4.5 ಮೀಟರ್ ಅಗಲ, 3 ಮೀಟರ್ ಎತ್ತರ. ನಮ್ಮಲ್ಲಿ ಹೇಳುವಂತೆ ಇಪ್ಪತ್ತು ಬೈ ಹದಿನೈದು. ಸಂಜೆಯ ಹವೆಯಲ್ಲಿ ದನಿ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಗಾಯಕರು ಒಂದು ಸ್ವರ ಬಿಟ್ಟರೆ ಅದು ನಿಮ್ಮ ಕಿವಿಗೆ ಒಂದೇ ದಾರಿಯಲ್ಲಿ ಬರುವುದಿಲ್ಲ. ನೇರವಾಗಿ ಬಂದದ್ದು ಮೊದಲು ಮುಟ್ಟುತ್ತದೆ. ಚಾವಣಿಗೆ ತಾಗಿ ಬಂದದ್ದು, ಪಕ್ಕದ ಗೋಡೆಗೆ ತಾಗಿ ಬಂದದ್ದು, ಹಿಂದಿನ ಗೋಡೆಗೆ ಹೋಗಿ ಮರಳಿದ್ದು ಒಂದರ ಹಿಂದೊಂದು ಬರುತ್ತವೆ. ಆರು ಮೀಟರ್ ದೂರದ ಗೋಡೆ ಮುಟ್ಟಿ ಮರಳುವುದಕ್ಕೆ ಹಿಡಿಯುವ ಹೊತ್ತು 35 ಮಿಲಿಸೆಕೆಂಡ್ ಮಾತ್ರ.

ಇಲ್ಲಿ ಕಿವಿ ಒಂದು ಒಳ್ಳೆಯ ಕೆಲಸ ಮಾಡುತ್ತದೆ. ಸುಮಾರು 50 ಮಿಲಿಸೆಕೆಂಡ್ ಒಳಗೆ ಬಂದ ಮರುದನಿಗಳನ್ನು ಅದು ಬೇರೆ ದನಿ ಅಂತ ಎಣಿಸುವುದೇ ಇಲ್ಲ. ಎಲ್ಲವನ್ನೂ ಮೊದಲ ದನಿಗೆ ಸೇರಿಸಿ ಒಂದೇ ತುಂಬಿದ ದನಿಯಾಗಿ ಕೇಳಿಸುತ್ತದೆ. ಅದು ಬಂದ ದಿಕ್ಕನ್ನೂ ಮೊದಲು ಮುಟ್ಟಿದ ದನಿಯಿಂದಲೇ ನಿರ್ಧರಿಸುತ್ತದೆ. ಹಾಗಾಗಿ ಸಣ್ಣ ಕೋಣೆಯಲ್ಲಿ ಗೋಡೆಗಳು ಗಾಯಕರ ದನಿಯನ್ನು ಪುಕ್ಕಟೆಯಾಗಿ ಹೆಚ್ಚಿಸುತ್ತವೆ. ಬಯಲಿನಲ್ಲಿ ದೂರ ದುಪ್ಪಟ್ಟಾದ ಹಾಗೆಲ್ಲ ದನಿ 6 ಡೆಸಿಬಲ್ ಇಳಿಯುತ್ತದೆ. ಪಡಸಾಲೆಯಲ್ಲಿ ಹಾಗಾಗುವುದಿಲ್ಲ. ಎರಡನೇ ಸಾಲಿಗೂ ಬಾಗಿಲ ಹತ್ತಿರದವರಿಗೂ ಕೇಳುವುದರಲ್ಲಿ ಅಂಥ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಯಾಕೆಂದರೆ ಒಂದು ಮೀಟರ್ ದಾಟಿದ ಮೇಲೆ ಹೆಚ್ಚಿನವರ ಕಿವಿ ತುಂಬುವುದು ಗೋಡೆ-ಚಾವಣಿಯಿಂದ ಬಂದ ದನಿಯೇ.

ಹಾಗಾದರೆ ಬರೀ ಗೋಡೆ ಇದ್ದರೆ ಸಾಕಾ? ಸಾಲದು. ಖಾಲಿ ಪಡಸಾಲೆಯಲ್ಲಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ ನೋಡಿ. ಗಿಲಾಯಿ ಮಾಡಿದ ಗೋಡೆ, ನುಣುಪಾದ ಟೈಲ್ಸ್, ಆರ್‌ಸಿಸಿ ಚಾವಣಿ ಇದ್ದರೆ ಚಪ್ಪಾಳೆ ನಿಲ್ಲುವುದೇ ಇಲ್ಲ, ಟರ್ರ್ ಅಂತ ಎದುರುಬದುರು ಗೋಡೆಗಳ ನಡುವೆ ಓಡಾಡುತ್ತಲೇ ಇರುತ್ತದೆ. ಅಲ್ಲಿ ತಾನ್, ಅಂದರೆ ವೇಗದ ಸ್ವರಗಳ ಸಾಲು, ಹಾಡಿದರೆ ಒಂದು ಸ್ವರದ ಬಾಲ ಇನ್ನೊಂದು ಸ್ವರದ ತಲೆಯ ಮೇಲೆ ಬೀಳುತ್ತದೆ.

ಈ ಲೆಕ್ಕವನ್ನು ಮೊದಲು ಹಾಕಿದವರು ಅಮೆರಿಕದ ವಾಲೆಸ್ ಸಬೀನ್. ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೋಣೆಯಲ್ಲಿ ಮಾತು ಕಲಸಿಹೋಗುತ್ತಿತ್ತು. 1895ರ ನಂತರದ ವರ್ಷಗಳಲ್ಲಿ ಅವರು ರಾತ್ರಿಯೆಲ್ಲ ಕೂತು, ಪಕ್ಕದ ರಂಗಮಂದಿರದ ಸೀಟಿನ ದಿಂಬುಗಳನ್ನು ಹೊತ್ತು ತಂದು ಇಟ್ಟು, ಆರ್ಗನ್ ಕೊಳವೆ ಊದಿಸಿ, ದನಿ ಸಾಯುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆದರು. ಅವರಿಗೆ ಸಿಕ್ಕ ಸೂತ್ರ ಬಹಳ ಸರಳ. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಕೋಣೆ ಒಟ್ಟು ಎಷ್ಟು ದನಿ ಹೀರುತ್ತದೋ ಅದರಿಂದ ಭಾಗಿಸಿದರೆ, ದನಿಯ ಶಕ್ತಿ ಹತ್ತು ಲಕ್ಷದ ಒಂದು ಪಾಲಿಗೆ ಇಳಿಯುವುದಕ್ಕೆ ಬೇಕಾದ ಸೆಕೆಂಡುಗಳು ಬರುತ್ತವೆ.

ನಮ್ಮ ಪಡಸಾಲೆಯ ಘನ ಅಳತೆ 81 ಘನ ಮೀಟರ್. ಗೋಡೆ, ನೆಲ, ಚಾವಣಿ ಸೇರಿ 117 ಚದರ ಮೀಟರ್. ಗಟ್ಟಿ ಗಿಲಾಯಿ ಬಂದ ದನಿಯಲ್ಲಿ ನೂರಕ್ಕೆ ಐದರಷ್ಟು ಹೀರುತ್ತದೆ ಅಂತ ಇಟ್ಟುಕೊಂಡರೆ ದನಿ ನಿಲ್ಲುವುದಕ್ಕೆ ಎರಡು ಸೆಕೆಂಡಿಗಿಂತ ಜಾಸ್ತಿ ಬೇಕು. ಈಗ ಮೂವತ್ತು ಮಂದಿಯನ್ನು ಕೂರಿಸಿ. ಬಟ್ಟೆ ತೊಟ್ಟ ಒಬ್ಬ ಮನುಷ್ಯ ಹತ್ತಿರ ಹತ್ತಿರ ಅರ್ಧ ಚದರ ಮೀಟರ್ ತೆರೆದ ಕಿಟಕಿಯಷ್ಟು ದನಿ ಹೀರುತ್ತಾನೆ (ತೆರೆದ ಕಿಟಕಿಗೆ ಬಿದ್ದ ದನಿ ಮರಳುವುದೇ ಇಲ್ಲವಲ್ಲ). ಎರಡು ಸೆಕೆಂಡ್ ಇದ್ದದ್ದು ಮುಕ್ಕಾಲು ಸೆಕೆಂಡಿಗಿಂತ ಕೆಳಗೆ ಬಂದುಬಿಡುತ್ತದೆ. ಮೇಲೊಂದು ನವಲಗುಂದದ ದಪ್ಪ ಜಮಖಾನೆ ಹಾಸಿದರೆ ಇನ್ನಷ್ಟು ಇಳಿಯುತ್ತದೆ. ಹಾಡಿಗೆ ಬೇಕಾದ ಮಟ್ಟ ಇದೇ. ಸ್ವರಕ್ಕೆ ಸ್ವಲ್ಪ ಹಿಂಬಾಲ ಇರುತ್ತದೆ, ತಾನೂ ಬಿಡಿಬಿಡಿಯಾಗಿ ಕೇಳುತ್ತದೆ.

ಅಂದರೆ ಬೈಠಕ್‌ಗೆ ಬಂದವರು ಸುಮ್ನೆ ಕೂತು ಕೇಳಿದರೂ ಕೋಣೆಯ ದನಿಯನ್ನು ಅವರೇ ತಿದ್ದುತ್ತಿರುತ್ತಾರೆ. ಮಧ್ಯಾಹ್ನ ಖಾಲಿ ಕೋಣೆಯಲ್ಲಿ ಸೌಂಡ್ ಚೆಕ್ ಮಾಡಿ, ಇಲ್ಲಿ ಗದ್ದಲ ಜಾಸ್ತಿ ಅಂತ ಹೇಳುವವರಿಗೆ ಈ ಮಾತು ತಿಳಿಸಬೇಕು. ಹಳೆಯ ಧಾರವಾಡದ ಮನೆಗಳಿಗೆ ಇನ್ನೊಂದು ಅನುಕೂಲ ಇದೆ. ಮರದ ತೊಲೆ-ಜಂತಿಯ ಮಾಳಿಗೆ, ಗೋಡೆಯಲ್ಲಿ ಗೂಡು, ನಡುವೆ ಕಂಬ. ಇವೆಲ್ಲ ದನಿಯನ್ನು ಒಂದೇ ಕಡೆ ಹೊಡೆದು ಕಳಿಸದೆ ನಾಲ್ಕು ಕಡೆ ಚದುರಿಸುತ್ತವೆ. ಹೊಸ ಮನೆಯಲ್ಲಿ ಅದೇ ಕೆಲಸವನ್ನು ಪುಸ್ತಕ ತುಂಬಿದ ಕಪಾಟು ಮಾಡುತ್ತದೆ.

ತಂಬೂರಿ ಏನು ಮಾಡುತ್ತದೆ

ಮೈಕ್ ಇಲ್ಲದಾಗ ಎಲ್ಲಕ್ಕಿಂತ ಹೆಚ್ಚು ಲಾಭ ತಂಬೂರಿಗೆ. ಇದನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು.

ತಂಬೂರಿಯ ಬ್ರಿಡ್ಜ್, ಅಂದರೆ ತಂತಿಗಳನ್ನು ಹೊತ್ತು ನಿಲ್ಲುವ ತುಂಡು, ಚೂಪಾಗಿರುವುದಿಲ್ಲ. ಅಗಲವಾಗಿ, ಮೇಲ್ಮೈ ಸ್ವಲ್ಪವೇ ಉಬ್ಬಿದ ಹಾಗೆ ಇರುತ್ತದೆ. ತಂತಿ ಮಿಡಿದಾಗ ಆ ಉಬ್ಬಿನ ಮೇಲೆ ಸವರಿಕೊಂಡು, ಬಿಟ್ಟು, ಮತ್ತೆ ಸವರಿಕೊಂಡು ಅಲುಗುತ್ತದೆ. ತಂತಿಗೂ ಬ್ರಿಡ್ಜಿಗೂ ನಡುವೆ ಒಂದು ಎಳೆ ದಾರ ತೂರಿಸುತ್ತಾರೆ. ತಂಬೂರಿ ಕೂಡಿಸುವವರ ಬೆರಳನ್ನೇ ನೋಡುತ್ತಿರಿ. ಒಂದು ಕೈ ತಂತಿ ಮಿಡಿಯುತ್ತಿರುತ್ತದೆ, ಇನ್ನೊಂದು ಕೈ ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಿರುತ್ತದೆ. ಮೊದಲು ದನಿ ಮೊಂಡು, ಟಣ್ ಅಂತ ಬಿದ್ದು ಸಾಯುತ್ತದೆ. ಒಂದು ಜಾಗಕ್ಕೆ ದಾರ ಬಂದ ಕೂಡಲೇ ಅದೇ ತಂತಿ ಝೇಂ ಅಂತ ಅರಳಿ ನಿಲ್ಲುತ್ತದೆ. ಜವಾರಿ ಬಂತು ಅನ್ನುವುದು ಇದಕ್ಕೇ.

ಆಗ ಆದದ್ದೇನು? ಯಾವ ತಂತಿಯೂ ಒಂದೇ ಸ್ವರ ನುಡಿಯುವುದಿಲ್ಲ. ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು, ಐದು ಪಟ್ಟು ವೇಗದ ಕಂಪನಗಳೂ ಜೊತೆಗಿರುತ್ತವೆ. ಉಪಸ್ವರ ಅನ್ನುವುದು ಇವನ್ನೇ. ಗಂಡಸರ ತಂಬೂರಿಯ ಖರಜದ (ಎಲ್ಲಕ್ಕಿಂತ ಕೆಳಗಿನ ಸ್ವರದ) ತಂತಿ ಸೆಕೆಂಡಿಗೆ 70 ಸಲ ಕಂಪಿಸುತ್ತದೆ ಅಂತ ಇಟ್ಟುಕೊಳ್ಳಿ. ಕಪ್ಪು ಒಂದರ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಷಡ್ಜದ, ಹತ್ತಿರದ ಲೆಕ್ಕ ಅದು. ಎರಡು ಪಟ್ಟು 140, ಅದು ಮಧ್ಯ ಷಡ್ಜ. ಮೂರು ಪಟ್ಟು 210, ಅದು ಪಂಚಮ. ನಾಲ್ಕು ಪಟ್ಟು 280, ತಾರ ಷಡ್ಜ. ಐದು ಪಟ್ಟು 350, ಅದು ತಾರ ಸಪ್ತಕದ ಗಾಂಧಾರ. ತಂಬೂರಿಯಲ್ಲಿ ಗಾಂಧಾರದ ತಂತಿಯೇ ಇಲ್ಲ, ಆದರೂ ಚೆನ್ನಾಗಿ ಕೂಡಿಸಿದ ತಂಬೂರಿಯಲ್ಲಿ ಗಾಂಧಾರ ಕೇಳುತ್ತದೆ ಅಂತ ಹಿರಿಯರು ಹೇಳುವುದು ಇದನ್ನೇ. ಕಲ್ಪನೆಯ ಮಾತಲ್ಲ ಅದು.

ಸಿ.ವಿ. ರಾಮನ್ 1921ರಲ್ಲಿ ಇದರ ಬಗ್ಗೆ ಬರೆದರು. ಸಾಮಾನ್ಯವಾಗಿ ತಂತಿಯನ್ನು ಎಲ್ಲಿ ಮಿಡಿಯುತ್ತೇವೋ ಆ ಜಾಗದಲ್ಲಿ ಅಲುಗದೆ ನಿಲ್ಲಬೇಕಾದ ಉಪಸ್ವರಗಳು ಹುಟ್ಟಬಾರದು. ನಡುಮಧ್ಯ ಮಿಡಿದರೆ ಎರಡು ಪಟ್ಟಿನ ಕಂಪನ ಬರಬಾರದು. ತಂಬೂರಿ ಮತ್ತು ವೀಣೆಯಲ್ಲಿ ಅವೂ ಬರುತ್ತವೆ, ಅದಕ್ಕೆ ಕಾರಣ ಆ ಅಗಲವಾದ ಬ್ರಿಡ್ಜ್ ಅಂತ ಅವರು ತೋರಿಸಿದರು. ನಮ್ಮ ಕುಶಲಕರ್ಮಿಗಳು ಬರೀ ಕಿವಿಯನ್ನು ನಂಬಿ ಇದನ್ನು ಸಾಧಿಸಿದ್ದರು ಅನ್ನುವುದು ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ.

ಈ ಉಪಸ್ವರಗಳು ಬಹಳ ಮೆಲ್ಲಗಿನವು. ನಿಶ್ಶಬ್ದ ಕೋಣೆಯಲ್ಲೂ 30-35 ಡೆಸಿಬಲ್ ಸದ್ದು ಇದ್ದೇ ಇರುತ್ತದೆ. ಹಳೆಯ ಫ್ಯಾನ್ ಜೋರಾಗಿ ತಿರುಗಿದರೆ ಅದು 50ರ ಆಸುಪಾಸಿಗೆ ಏರಬಹುದು. ಅಲ್ಲಿಗೆ ತಂಬೂರಿಯ ಅರ್ಧ ಮಾತು ಮುಚ್ಚಿಹೋಯಿತು. ಕಿರಾನಾ ಘರಾಣೆಯ ಗಾಯಕರು ಒಂದೊಂದೇ ಸ್ವರ ಹಿಡಿದು ನಿಧಾನವಾಗಿ ಬಡತ್ ಮಾಡುತ್ತಾರೆ, ಅಂದರೆ ರಾಗ ಬೆಳೆಸುತ್ತಾರೆ. ಅವರು ಸ್ವರ ಇಡುವುದು ತಂಬೂರಿ ಸಿದ್ಧ ಮಾಡಿಟ್ಟ ಜಾಗದ ಮೇಲೆ. ಕೇಳುವವರಿಗೂ ಆ ಜಾಗ ಕೇಳಿಸಬೇಕು. ಗಾಯಕರ ಗಾಂಧಾರ ತಂಬೂರಿಯ ಗಾಂಧಾರಕ್ಕೆ ಸರಿಯಾಗಿ ಕೂತಾಗ ಎರಡೂ ಬೆರೆತು ಕೋಣೆಯೇ ನುಡಿದ ಹಾಗಾಗುತ್ತದೆ. ಒಂದು ಕೂದಲು ತಪ್ಪಿದರೂ ದನಿ ನಡುಗುತ್ತದೆ.

ಹಾರ್ಮೋನಿಯಂ ಈ ಕಾರಣಕ್ಕೇ ತುಸು ತೊಂದರೆ ಕೊಡುತ್ತದೆ. ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ ಶ್ರುತಿ ಮಾಡಿದ ಪೆಟ್ಟಿಗೆಯಲ್ಲಿ ಆ ಗಾಂಧಾರ 350ಕ್ಕೆ ಬದಲು ಸುಮಾರು 353ರಲ್ಲಿ ನುಡಿಯುತ್ತದೆ. ಎರಡೂ ಒಟ್ಟಿಗೆ ಕೇಳಿದಾಗ ಸೆಕೆಂಡಿಗೆ ಮೂರು ಸಲ ದನಿ ಏರಿಳಿಯುತ್ತದೆ. ಸ್ಪೀಕರಿನ ಅಬ್ಬರದಲ್ಲಿ ಇದು ಗೊತ್ತಾಗುವುದಿಲ್ಲ, ಮೈಕ್ ಇಲ್ಲದ ಕೋಣೆಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಬಲ್ಲ ವಾದಕರು ತಮ್ಮ ಪೆಟ್ಟಿಗೆಯನ್ನು ತಂಬೂರಿಗೆ ಹೊಂದುವ ಹಾಗೆ ಶ್ರುತಿ ಮಾಡಿಸಿಕೊಂಡಿರುತ್ತಾರೆ. ಇಲ್ಲದಿದ್ದರೆ ಆ ಸ್ವರವನ್ನು ಮೆಲ್ಲಗೆ ಮುಟ್ಟಿ ಬಿಡುತ್ತಾರೆ.

ತಬಲಾ ಮತ್ತು ಧಾರವಾಡದ ಮಳೆ

ತಬಲಾದಲ್ಲೂ ಇಂಥದೇ ಜಾಣತನ ಇದೆ. ಸಾಮಾನ್ಯ ಡೋಲಿನ ಚರ್ಮದ ಕಂಪನಗಳು ಒಂದಕ್ಕೊಂದು ಲೆಕ್ಕ ಕೂಡುವುದಿಲ್ಲ, ಅದಕ್ಕೇ ಡೋಲಿಗೆ ಗಟ್ಟಿ ಸ್ವರ ಇಲ್ಲ. ತಬಲಾದ ನಡುವಿನ ಕಪ್ಪು ಶಾಯಿಯ ತೂಕ ಆ ಕಂಪನಗಳನ್ನು ಒಂದು, ಎರಡು, ಮೂರು, ನಾಲ್ಕು, ಐದು ಅನ್ನುವ ಸಾಲಿಗೆ ತರುತ್ತದೆ. ಇದನ್ನೂ ರಾಮನ್ ಅವರೇ 1920ರಲ್ಲಿ ಪ್ರಕಟಿಸಿದರು. ಹಾಗಾಗಿಯೇ ತಬಲಾವನ್ನು ಷಡ್ಜಕ್ಕೆ ಕೂಡಿಸಲು ಬರುತ್ತದೆ.

ಮಳೆಗಾಲದಲ್ಲಿ ಚರ್ಮ ಹವೆಯ ತೇವ ಕುಡಿದು ಸಡಿಲಾಗುತ್ತದೆ, ಸ್ವರ ಇಳಿಯುತ್ತದೆ. ಶ್ರಾವಣದ ಬೈಠಕ್‌ಗಳಲ್ಲಿ ತಬಲಾದವರ ಸುತ್ತಿಗೆಗೆ ಬಿಡುವಿಲ್ಲ. ಗಜರಾವನ್ನು (ಚರ್ಮದ ಅಂಚಿನ ಹೆಣಿಗೆಯನ್ನು) ಮೇಲಿನಿಂದ ತಟ್ಟಿ ಏರಿಸುತ್ತಾರೆ, ಕೆಳಗಿನಿಂದ ತಟ್ಟಿ ಇಳಿಸುತ್ತಾರೆ, ಜಾಸ್ತಿ ಏರಿಸಬೇಕಾದರೆ ಪಕ್ಕದ ಮರದ ಗಟ್ಟಾ ಕೆಳಗೆ ಸರಿಸುತ್ತಾರೆ. ಜನ ತುಂಬಿ ಕೋಣೆ ಬೆಚ್ಚಗಾದ ಮೇಲೆ ತಂಬೂರಿಯ ತಂತಿಯೂ ಸಡಿಲಾಗಿ ಇಳಿಯುತ್ತದೆ. ಆದ್ದರಿಂದ ವಾದ್ಯಗಳನ್ನು ಅರ್ಧ ಗಂಟೆ ಮೊದಲೇ ಅದೇ ಕೋಣೆಯಲ್ಲಿ ತಂದಿಟ್ಟು ಹವೆಗೆ ಒಗ್ಗಿಸಬೇಕು. ಮೊದಲ ಖ್ಯಾಲ್ ಮುಗಿದ ಮೇಲೆ ಮತ್ತೆ ಶ್ರುತಿ ಮಾಡಿದರೆ ಕೇಳುಗರು ಬೇಸರ ಮಾಡಿಕೊಳ್ಳಬಾರದು. ಅದೂ ಸಂಗೀತದ ಭಾಗವೇ ಅಲ್ವಾ.

ಡಗ್ಗಾ, ಅಂದರೆ ತಬಲಾ ಜೋಡಿಯ ದಪ್ಪ ದನಿಯ ವಾದ್ಯ, ಮಾತ್ರ ಸಣ್ಣ ಕೋಣೆಯಲ್ಲಿ ಮೋಸ ಮಾಡಬಹುದು. ಕಡಿಮೆ ಕಂಪನದ ದಪ್ಪ ದನಿ ಮೂಲೆಗಳಲ್ಲಿ ಒಟ್ಟುಗೂಡಿ ಗುಂಯ್‌ಗುಡುತ್ತದೆ. ಮೂರು ಮೀಟರ್ ಎತ್ತರದ ಕೋಣೆ 57 ಹರ್ಟ್ಜ್ ಸುತ್ತಮುತ್ತಲಿನ ದನಿಯನ್ನು ತಾನಾಗಿ ಎತ್ತಿ ಕೊಡುತ್ತದೆ. ಡಗ್ಗಾವನ್ನು ಮೂಲೆಯಿಂದ ನಾಲ್ಕಡಿ ಈಚೆಗೆ ತಂದರೆ ಅರ್ಧ ಸಮಸ್ಯೆ ಹೋಗುತ್ತದೆ.

ಮೈಕ್ ಹಾಕಿದರೆ ಕಳೆದುಹೋಗುವುದು

ಬಾಯಿಗೆ ಗೇಣು ದೂರದಲ್ಲಿ ಇಟ್ಟ ಮೈಕ್ ದನಿಯನ್ನು ಕೋಣೆಗೆ ಬೆರೆಯುವ ಮೊದಲೇ ಹಿಡಿಯುತ್ತದೆ. ಉಸಿರು, ತುಟಿಯ ಸದ್ದು ಎಲ್ಲ ಬರುತ್ತದೆ, ಆದರೆ ಗೋಡೆ-ಮಾಳಿಗೆ ಸೇರಿಸಿದ ತುಂಬು ಬರುವುದಿಲ್ಲ. ಆಮೇಲೆ ಆ ದನಿ ಮೂಲೆಯ ಸ್ಪೀಕರಿನಿಂದ ಹೊರಡುತ್ತದೆ. ಸ್ಪೀಕರ್ ಪಕ್ಕ ಕೂತವರಿಗೆ ಅದೇ ಮೊದಲು ಮುಟ್ಟುವುದರಿಂದ ಕಣ್ಣು ಗಾಯಕರ ಕಡೆ, ಕಿವಿ ಮೂಲೆಯ ಕಡೆ. ಎರಡು ತಾಸು ಹೀಗೆ ಕೂತರೆ ದಣಿವಾಗುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಮೈಕ್ ಇಲ್ಲದಾಗ ತಬಲಾದವರು ಗಾಯಕರ ದನಿ ಕೇಳುವಷ್ಟಕ್ಕೇ ತಮ್ಮ ಕೈ ಇಳಿಸುತ್ತಾರೆ. ಹಾರ್ಮೋನಿಯಂನವರು ಭಾತೆಯ ಗಾಳಿ ತಗ್ಗಿಸುತ್ತಾರೆ. ಗಾಯಕರು ಮಂದ್ರಕ್ಕೆ ಇಳಿದರೆ ಎಲ್ಲರೂ ಜೊತೆಗೇ ಇಳಿಯುತ್ತಾರೆ, ಕೇಳುಗರು ಮೈ ಮುಂದೆ ಬಾಗಿಸುತ್ತಾರೆ. ಈ ಹೊಂದಾಣಿಕೆ ನಡೆಯುವುದು ಆ ಮೂವರ ಕಿವಿಯಲ್ಲಿ. ಮೈಕ್ ಬಂದ ಕೂಡಲೇ ಅದು ಮೈಕ್‌ಸೆಟ್‌ನವರ ಕೈಗೆ ಹೋಗುತ್ತದೆ. ತಬಲಾ ಸ್ವಲ್ಪ ಏರಿಸಿ ಅಂತ ಒಬ್ಬರು, ನನ್ನ ದನಿ ಏರಿಸಿ ಅಂತ ಇನ್ನೊಬ್ಬರು, ಹೀಗೆ ಏರುತ್ತಾ ಹೋಗಿ ಮೆಲ್ಲಗಿನದು ಅನ್ನುವುದೇ ಉಳಿಯುವುದಿಲ್ಲ.

ಧಾರವಾಡ ಆಕಾಶವಾಣಿ 1950ರಿಂದ ಈ ಗಾಯಕರನ್ನೆಲ್ಲ ಮೈಕ್ ಮುಂದೆ ಕೂರಿಸಿ ಮನೆಮನೆಗೆ ಮುಟ್ಟಿಸಿತಲ್ಲ ಅಂತ ನೀವು ಕೇಳಬಹುದು. ನಿಜ, ಆ ಉಪಕಾರ ಬಹಳ ದೊಡ್ಡದು. ಆದರೆ ರೇಡಿಯೋ ಸ್ಟುಡಿಯೋ ಬೇಕೆಂದೇ ದನಿ ಹೀರುವ ಹಾಗೆ ಕಟ್ಟಿದ ಕೋಣೆ. ಅಲ್ಲಿ ಕೇಳುವವರು ಎದುರಿಗೆ ಇಲ್ಲ, ಅವರ ಪಾಲಿಗೆ ಮೈಕೇ ಕಿವಿ. ಆ ವ್ಯವಸ್ಥೆಯನ್ನು ಹಾಗೇ ಎತ್ತಿ ಪಡಸಾಲೆಗೆ ತಂದರೆ ಹೊಂದುವುದಿಲ್ಲ.

ನೀವೇ ಬೈಠಕ್ ಮಾಡುವುದಾದರೆ ಕಲಾವಿದರನ್ನು ಉದ್ದದ ಗೋಡೆಗೆ ಬೆನ್ನು ಮಾಡಿ ಕೂರಿಸಿ. ಆಗ ಎಲ್ಲರೂ ಮೂರು-ನಾಲ್ಕು ಮೀಟರ್ ಒಳಗೇ ಬರುತ್ತಾರೆ. ಅವರ ಬೆನ್ನ ಹಿಂದೆ ಪರದೆ ಕಟ್ಟಬೇಡಿ, ಅಲ್ಲಿ ಗಟ್ಟಿ ಗೋಡೆಯೇ ಇರಲಿ, ದನಿಯನ್ನು ಮುಂದಕ್ಕೆ ಕಳಿಸುತ್ತದೆ. ದಪ್ಪ ಪರದೆ ಬೇಕಾದದ್ದು ಎದುರಿನ ಗೋಡೆಗೆ, ಗಾಜಿನ ಕಿಟಕಿಗೆ. ನೆಲದ ಮೇಲೆ ಕೂತಾಗ ಗಾಯಕರ ಬಾಯಿ, ಕೇಳುಗರ ತಲೆ ಒಂದೇ ಮಟ್ಟಕ್ಕೆ ಬಂದು ಮುಂದಿನವರ ತಲೆ ಹಿಂದಿನವರಿಗೆ ಅಡ್ಡವಾಗುತ್ತದೆ. ಅಡಿ ಎತ್ತರದ ಕಟ್ಟೆ ಸಾಕು. ಟೊಳ್ಳು ಪ್ಲೈವುಡ್ ಆದರೆ ಅದೇ ಡಗ್ಗಾ ಹಾಗೆ ಬಾರಿಸುತ್ತದೆ, ಮೇಲೆ ಎರಡು ಮಡಿಕೆ ಜಮಖಾನೆ ಹಾಕಿ. ತಂಬೂರಿ ಎರಡಿದ್ದರೆ ಗಾಯಕರ ಹಿಂದೆ ಎಡಕ್ಕೊಂದು ಬಲಕ್ಕೊಂದು. ಆಲಾಪ ಶುರುವಾಗುವ ಮೊದಲು ಫ್ಯಾನ್ ನಿಲ್ಲಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ಎಳೆಯಿರಿ. ಚಹಾ ಮಧ್ಯಂತರಕ್ಕೆ ಇರಲಿ, ಹಾಡಿನ ನಡುವೆ ಕಪ್ಪು-ಬಸಿ ಓಡಾಡುವುದು ಬೇಡ.

ಮೈಕ್ ಬೇಕಾಗುವ ಜಾಗಗಳೂ ಇವೆ. ಸವಾಯಿ ಗಂಧರ್ವರ ನೆನಪಿಗೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸಂಗೀತ ನಡೆದರೆ ಸುತ್ತಲ ಊರುಗಳ ಜನ ಸೇರುತ್ತಾರೆ, ಅಲ್ಲಿ ಮೈಕ್ ಇಲ್ಲದೆ ನಡೆಯದು. ತೆರೆದ ಅಂಗಳದಲ್ಲಿ ಮರಳಿಸುವ ಚಾವಣಿ ಇಲ್ಲ. ವಯಸ್ಸಾದ ಕಲಾವಿದರಿಗೆ ದಣಿವಾಗಬಾರದು. ಸಿತಾರಿನ ಸೂಕ್ಷ್ಮ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಎಂಬತ್ತು ಮಂದಿಯನ್ನು ದಾಟಿ ಹೋಗದು. ಅಂಥ ಕಡೆ ಒಂದೇ ಮೈಕನ್ನು ಎರಡಡಿ ದೂರದಲ್ಲಿ ಇಟ್ಟು, ಸ್ಪೀಕರನ್ನು ಮೂಲೆಯಿಂದ ತೆಗೆದು ಕಲಾವಿದರ ಹತ್ತಿರವೇ, ಅವರಿಗಿಂತ ತುಸು ಮುಂದೆ ಇಟ್ಟರೆ ದನಿ ಅವರಿಂದಲೇ ಬಂದ ಹಾಗಿರುತ್ತದೆ. ತಬಲಾಕ್ಕೆ ಬೇರೆ ಮೈಕ್ ಬೇಡವೇ ಬೇಡ. ಮನೆಯಲ್ಲಾದರೆ ಕಲಾವಿದರನ್ನು ಕರೆಯುವಾಗಲೇ ಕೋಣೆಯ ಅಳತೆ, ಬರುವ ಜನ ಎಷ್ಟು ಅಂತ ಹೇಳಿ, ಮೈಕ್ ಇಲ್ಲದೆ ಹಾಡುತ್ತೀರಾ ಅಂತ ಕೇಳಿ. ಒಪ್ಪಿದರೆ ಅವರು ತಮ್ಮ ತಬಲಾದವರಿಗೂ ಮೊದಲೇ ತಿಳಿಸಿ, ಅದಕ್ಕೆ ತಕ್ಕ ತಯಾರಿಯಲ್ಲೇ ಬರುತ್ತಾರೆ.